ವಿಲೇ ಆದ ಗುಂಡಿ

ಸಣಕಿನಾಳ
12 ಮಾರ್ಚ್ 2025

ಚಿ. ನೇತ್ರಾವತಿಗೆ ದೊಡ್ಡಪ್ಪ ಅಯ್ಯಪ್ಪ ಮಾಡುವ ಆಶೀರ್ವಾದ.

ಇಲ್ಲಿ ನಾನೂ ನಿನ್ನ ದೊಡ್ಡವ್ವ ಆದೆಮ್ಮನೂ ಆರಾಮ ಇದ್ದೇವೆ. ಅವಳು ಫೋನಿನಲ್ಲಿ ನಿನಗೆ ಊರಿನದ್ದೆಲ್ಲ ಹೇಳಿರುತ್ತಾಳೆ, ನಾನು ಹೇಳು ಅಂದದ್ದೊಂದನ್ನು ಬಿಟ್ಟು. ಮೂವತ್ತೊಂದು ವರ್ಷ ರೋಲರಿನ ಮಗ್ಗುಲಲ್ಲಿ ನಿಂತು ಕಿವಿ ಕಳೆದುಕೊಂಡವನು ಫೋನು ಹಿಡಿದು ಏನು ಮಾಡಲಿ? ಗಾಜಿನ ಫೋನಿನಲ್ಲಿ ಬರೆದು ಕಳಿಸು ಅನ್ನುತ್ತೀ. ಹಾರೆ ಹಿಡಿದು ಗಟ್ಟಿಯಾದ ಬೆರಳು ಅದಕ್ಕೆ ಬೆರಳೇ ಅಲ್ಲವಂತೆ, ಒತ್ತಿದರೆ ಸುಮ್ಮನಿರುತ್ತದೆ. ಅದಕ್ಕೇ ಈ ಕಾಗದ.

ವಿಷಯ ಒಂದು ಗುಂಡಿಯದು. ನೀರಿನ ಟ್ಯಾಂಕಿನ ಕಡೆಯಿಂದ ಬರುವ ದಾರಿ ನಮ್ಮ ಓಣಿಗೆ ತಿರುಗುತ್ತದಲ್ಲ, ಅಲ್ಲಿ ಹೋದ ವರ್ಷ ಪೈಪಿಗೆಂದು ಅಗೆದರು. ಅಗೆದವರು ಮೇಲೆ ಮಣ್ಣು ಎಳೆದು ಕೈ ಝಾಡಿಸಿಕೊಂಡು ಹೋದರು. ಮಣ್ಣು ಕುಸಿಯಿತು, ನೀರಿನ ಟ್ಯಾಂಕರು ಓಡಾಡಿತು, ಈಗ ಮೊಣಕಾಲು ಮುಳುಗುವಷ್ಟು ಆಳವಾಗಿದೆ. ನಾನು ಎರಡು ಸಲ ಮಣ್ಣು ತುಂಬಿದೆ, ಟ್ಯಾಂಕರು ಎರಡು ದಿನಕ್ಕೆ ಕಿತ್ತು ಹಾಕಿತು. ಖಡಿ ಕಲ್ಲು ಮತ್ತು ಡಾಂಬರು ಬೇಕು, ಅವು ನನ್ನ ಮನೆಯಲ್ಲಿಲ್ಲ.

ಗುಂಡಿ ಸರಿಯಾಗಿ ವಲಿ ಪಾಷಾನ ಮನೆಯ ಮುಂದೆ ಬಿದ್ದಿದೆ. ವಲಿಯನ್ನು ಮರೆತಿಲ್ಲ ತಾನೆ? ನಮ್ಮ ರಸ್ತೆ ರಿಪೇರಿ ಗ್ಯಾಂಗಿನ ರೋಲರ್ ಡ್ರೈವರ್. ದೇವದುರ್ಗದ ದಾರಿಯಲ್ಲಿ ನಾವು ಕೆಲಸ ಮಾಡುವಾಗ ನಿನ್ನನ್ನು ರೋಲರಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ ಬಂದು ಒಂದು ಕಣ್ಣು ಪೂರಾ ಹೋಗಿದೆ, ಇನ್ನೊಂದು ಅರ್ಧ ಉಳಿದಿದೆ. ದಿನಕ್ಕೆ ಐದು ಸಲ ಮಸೀದಿಗೆ ಹೋಗಿ ಬರುತ್ತಾನೆ. ನಾನು ಸುತ್ತ ಕಲ್ಲಿಟ್ಟು ಜಾಲಿ ಮುಳ್ಳು ಹೊದಿಸಿದ್ದೇನೆ, ಸದ್ಯಕ್ಕೆ ನಡೆಯುತ್ತದೆ. ಮಳೆ ಬಂದು ನೀರು ನಿಂತರೆ ಗುಂಡಿ ಯಾವುದು ರಸ್ತೆ ಯಾವುದು ಕಣ್ಣಿದ್ದವರಿಗೇ ತಿಳಿಯುವುದಿಲ್ಲ. ಮಳೆಗಾಲಕ್ಕೆ ಮೊದಲು ಇದು ಮುಚ್ಚದಿದ್ದರೆ ವಲಿ ಒಂದು ದಿನ ಅದರಲ್ಲಿ ಬೀಳುತ್ತಾನೆ. ನನಗೆ ಆ ಹೆದರಿಕೆ ಹತ್ತಿದೆ.

ಪಟ್ಟಣ ಪಂಚಾಯಿತಿಗೆ ಮೂರು ಸಲ ಹೋದೆ. ಇದ್ದವನು ಬಾಯಿ ಆಡಿಸಿದ, ನನಗೆ ಕೇಳಲಿಲ್ಲ, ಕೇಳಿದ್ದರೂ ಏನೂ ಸಿಗುತ್ತಿರಲಿಲ್ಲ ಅನ್ನುವುದು ಅವನ ಮುಖದಲ್ಲಿತ್ತು. ನೀನು ರಾಯಚೂರಿನ ದೊಡ್ಡ ಕಚೇರಿಯಲ್ಲಿ ಇದ್ದೀ. ಅರ್ಜಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಮುಟ್ಟಬೇಕಾದವರಿಗೆ ಮುಟ್ಟಿಸು.

ನಿನ್ನ ದೊಡ್ಡಪ್ಪ
ಅಯ್ಯಪ್ಪ


ರಾಯಚೂರು
21 ಮಾರ್ಚ್ 2025

ದೊಡ್ಡಪ್ಪನ ಪಾದಗಳಿಗೆ ನೇತ್ರಾವತಿಯ ನಮಸ್ಕಾರ.

ನಿಮ್ಮ ಅರ್ಜಿ ಸೇರಬೇಕಾದ ಜಾಗಕ್ಕೇ ಬಂದಿದೆ. ಯಾರಿಗೂ ಮುಟ್ಟಿಸುವ ಕೆಲಸವಿಲ್ಲ, ನಾನಿರುವುದೇ ಅಹವಾಲು ಶಾಖೆಯಲ್ಲಿ. ನಾನೇ ಕಂಪ್ಯೂಟರಿಗೆ ಏರಿಸಿ ನಂಬರ್ ಕೊಟ್ಟೆ. ನಿಮ್ಮ ಅಕ್ಷರ ನೋಡಿ ನಮ್ಮ ಸಾಹೇಬರು “ಯಾರ್ರೀ ಇವ್ರು, ಇಷ್ಟ್ ಚಂದ ಬರ್ದಾರ, ಮೇಷ್ಟ್ರೇನು?” ಅಂದರು. ಗ್ಯಾಂಗ್‌ಮನ್ ಅಂದೆ. ನಂಬಲಿಲ್ಲ.

ಗುಂಡಿಯ ಉದ್ದ, ಅಗಲ, ಆಳ, ಹಿಡಿಯುವ ಖಡಿ ಎಷ್ಟು ಪುಟ್ಟಿ, ಎಲ್ಲ ಬರೆದಿದ್ದೀರಿ. ನಮ್ಮ ಇಂಜಿನಿಯರರೂ ಹಾಗೆ ಬರೆಯುವುದಿಲ್ಲ. ವಲಿ ಕಾಕಾಗೆ ಹುಷಾರಾಗಿ ಓಡಾಡಲು ಹೇಳಿ. ಮೂವತ್ತು ದಿನದೊಳಗೆ ಉತ್ತರ ಕೊಡಲೇಬೇಕೆಂದು ನಿಯಮವಿದೆ, ಚಿಂತೆ ಬೇಡ.

ನಿಮ್ಮ
ನೇತ್ರಾ


ಸಣಕಿನಾಳ
17 ಏಪ್ರಿಲ್ 2025

ಚಿ. ನೇತ್ರಾವತಿಗೆ ಆಶೀರ್ವಾದ.

ಮೂವತ್ತು ದಿನಕ್ಕೆ ಇನ್ನು ಮೂರು ನಾಲ್ಕು ಉಳಿದವು. ಯಾರೂ ಬಂದಿಲ್ಲ. ಅವಸರ ಮಾಡುತ್ತಿಲ್ಲ, ನೆನಪಿಸುತ್ತಿದ್ದೇನೆ. ಇಲಾಖೆಯಲ್ಲಿ ಕಾಗದ ಹೇಗೆ ನಡೆಯುತ್ತದೆ ನನಗೂ ಗೊತ್ತು, ಅದಕ್ಕೆ ಕಾಲಿಗಿಂತ ಕುರ್ಚಿಗಳು ಹೆಚ್ಚು.

ವಲಿ ನಗುತ್ತಾನೆ. ಅವನು ಮಾತಾಡುವಾಗ ನನ್ನ ಅಂಗೈ ಮೇಲೆ ಬೆರಳಿನಿಂದ ಗೀಚಿ ಹೇಳುತ್ತಾನೆ, ಕನ್ನಡ ಅಕ್ಷರ ಬಾರದಿದ್ದರೂ ಅವನು ಗೀಚಿದ್ದು ನನಗೆ ತಿಳಿಯುತ್ತದೆ. ಮೊನ್ನೆ ಗುಂಡಗೆ ಒಂದು ಸುತ್ತು ಗೀಚಿ, ಅದರೊಳಗೆ ಎರಡು ಬೆರಳು ನಡೆಸಿ, ಬೀಳಿಸಿ ತೋರಿಸಿದ. ಕೈ ಕಿತ್ತುಕೊಂಡೆ. ಅಂಥ ಚೇಷ್ಟೆ ನನಗೆ ಸೇರುವುದಿಲ್ಲ.

ಅಯ್ಯಪ್ಪ


ಸಣಕಿನಾಳ
14 ಮೇ 2025

ಚಿ. ನೇತ್ರಾವತಿಗೆ ಸಾವಿರ ಆಶೀರ್ವಾದ.

ನೀನು ಉತ್ತರ ಬರೆಯದಿದ್ದಾಗ ಸಿಟ್ಟು ಬಂದಿತ್ತು. ಈಗ ಗೊತ್ತಾಯಿತು, ಬಾಯಲ್ಲಿ ಹೇಳದೆ ಕೈಯಲ್ಲಿ ಮಾಡಿ ತೋರಿಸಿದ್ದೀ. ನಿನ್ನೆ ಟಪಾಲಿನವನು ಹಿಂಬರಹ ತಂದುಕೊಟ್ಟ. ಶಿಕ್ಕಾ ಸಮೇತ. “ಸದರಿ ಅರ್ಜಿಯನ್ನು ಸಂಬಂಧಪಟ್ಟ ಸ್ಥಳೀಯ ಸಂಸ್ಥೆಗೆ ವರ್ಗಾಯಿಸಿ ವಿಲೇ ಮಾಡಲಾಗಿದೆ.” ಮೂರು ಸಲ ಓದಿ, ನಾಲ್ಕನೇ ಸಲ ಆದೆಮ್ಮನಿಗೆ ಜೋರಾಗಿ ಓದಿ ಹೇಳಿದೆ. ನಾನು ಜೋರಾಗಿ ಓದಿದರೆ ಓಣಿಗೇ ಕೇಳುತ್ತದಂತೆ, ಹಾಗಾಗಿ ಓಣಿಗೆಲ್ಲ ಗೊತ್ತಾಯಿತು.

ವಿಲೇ ಅನ್ನುವ ಮಾತಿನ ಬೆಲೆ ನನಗೆ ಗೊತ್ತು ನೇತ್ರವ್ವ. ನನ್ನ ಪಿಂಚಣಿ ಅರ್ಜಿ ದೇವದುರ್ಗದಲ್ಲಿ ಎರಡು ವರ್ಷ ಕೂತಿತ್ತು. ಒಂದು ದಿನ “ವಿಲೇ ಮಾಡಲಾಗಿದೆ” ಎಂದು ಕಾಗದ ಬಂತು, ಮುಂದಿನ ವಾರ ಪಿಂಚಣಿ ಬಂತು. ವಲಿಯದೂ ಹಾಗೇ ಆಯಿತು. ಆ ಮಾತು ಬಿದ್ದ ಮೇಲೆ ಕೆಲಸ ಆದಂತೆಯೇ.

ವಲಿ ಮಾತ್ರ ಅನುಮಾನದ ಗಿರಾಕಿ. ಅವನು ಹೇಳಿದ್ದನ್ನು ಆದೆಮ್ಮ ನನಗೆ ಸನ್ನೆ ಮಾಡಿ ತಿಳಿಸಿದಳು: “ಗ್ಯಾಂಗ್ ಬರ್ಲಿ ತಡಿಯೋ ಅಯ್ಯಪ್ಪ, ಮುಂಚೇನ ಹಾರಿ ಹಿಡೀಬ್ಯಾಡ.” ರೋಲರ್ ಓಡಿಸಿದವನಿಗೆ ಹಾರೆಯ ಕೆಲಸ ಏನು ತಿಳಿಯಬೇಕು? ಗುಂಡಿ ಮುಚ್ಚುವ ಮೊದಲು ಅದರ ಬಾಯಿ ಚೌಕವಾಗಿ ಕತ್ತರಿಸಬೇಕು, ಸಡಿಲ ಮಣ್ಣನ್ನೆಲ್ಲ ಗಟ್ಟಿ ತಳ ಸಿಗುವವರೆಗೆ ತೆಗೆಯಬೇಕು. ಇಲ್ಲದಿದ್ದರೆ ತೇಪೆ ನಿಲ್ಲುವುದಿಲ್ಲ. ಈಗಿನ ಗುತ್ತಿಗೆಯವರು ಅದನ್ನು ಮಾಡುವುದಿಲ್ಲ, ಮೇಲೆ ಸುರಿದು ಓಡುತ್ತಾರೆ. ಅದಕ್ಕೆ ನಾನೇ ಎರಡು ದಿನ ಕೂತು ಕತ್ತರಿಸಿದೆ. ನಾಲ್ಕೂ ಮೂಲೆ ದಾರ ಹಿಡಿದಂತೆ ಬಂದಿವೆ. ಆಳ ಈಗ ತೊಡೆಯವರೆಗೆ ಇದೆ. ಬಂಡಿ ಒಳಗೆ ಬರಲೆಂದು ಮುಳ್ಳು, ಕಲ್ಲು ಎಲ್ಲ ತೆಗೆದಿಟ್ಟೆ.

ಅರವತ್ತೇಳನೇ ವಯಸ್ಸಿನಲ್ಲಿ ಮತ್ತೆ ಹಾರೆ ಹಿಡಿದೆ. ಸೊಂಟ ನೋಯುತ್ತಿದೆ, ಮನಸ್ಸಿಗೆ ಮಾತ್ರ ತುಂಬಾ ಸುಖವಾಗಿದೆ. ಗ್ಯಾಂಗ್ ಯಾವ ದಿನ ಬರುತ್ತದೆ ಎಂದು ತಿಳಿದು ಬರೆ, ಅವರಿಗೆ ಚಹಾ ಮಾಡಿಸಿಡುತ್ತೇನೆ.

ಅಯ್ಯಪ್ಪ


ರಾಯಚೂರು
9 ಜೂನ್ 2025

ದೊಡ್ಡಪ್ಪನಿಗೆ ನಮಸ್ಕಾರ.

ಬರೆಯಲು ತಡವಾಯಿತು, ಜ್ವರವಿತ್ತು. ಆಫೀಸಿನಲ್ಲಿ ಕೆಲಸವೂ ಹೆಚ್ಚು.

ಗ್ಯಾಂಗ್ ಯಾವಾಗ ಬರುತ್ತದೆಂದು ಇಲ್ಲಿ ಕುಳಿತು ಹೇಳಲಾಗುವುದಿಲ್ಲ. ಇಂಥ ಕೆಲಸ ಕೆಲವೊಮ್ಮೆ ಬಹಳ ತಡವಾಗುತ್ತದೆ. ಅಲ್ಲಿಯವರೆಗೆ ಕಲ್ಲು, ಮುಳ್ಳು ಮತ್ತೆ ಇಡಿ ದೊಡ್ಡಪ್ಪ. ಸಾಧ್ಯವಾದರೆ ತೆಗೆದ ಮಣ್ಣನ್ನೂ ವಾಪಸ್ ತುಂಬಿಬಿಡಿ. ಮಳೆ ಶುರುವಾಗುತ್ತದೆ. ದಯವಿಟ್ಟು ಇದೊಂದು ಮಾತು ಕೇಳಿ.

ನೇತ್ರಾ


ಸಣಕಿನಾಳ
18 ಜೂನ್ 2025

ಚಿ. ನೇತ್ರಾವತಿಗೆ ಆಶೀರ್ವಾದ.

ಜ್ವರ ಬಿಟ್ಟಿತೇ? ರಾಯಚೂರಿನ ಬಿಸಿಲಿಗೆ ತಲೆಗೆ ಬಟ್ಟೆ ಇಲ್ಲದೆ ತಿರುಗುತ್ತೀ ಎಂದು ಆದೆಮ್ಮ ಬೈಯುತ್ತಾಳೆ.

ನೀನು ಕಂಪ್ಯೂಟರಿನಲ್ಲಿ ಜಾಣೆ, ರಸ್ತೆಯ ವಿಷಯ ನಿನಗೆ ತಿಳಿಯದು. ಸುತ್ತ ಕಲ್ಲು ಇಡುವುದು ತೇಪೆ ಹಾಕಿದ ಮೇಲೆ, ಅದು ಗಟ್ಟಿಯಾಗುವವರೆಗೆ. ಇದು ಎಲ್ಲ ಗ್ಯಾಂಗಿನ ಪದ್ಧತಿ. ಈಗ ಕಲ್ಲಿಟ್ಟರೆ ಬಂದವರು ದೂರದಿಂದಲೇ ನೋಡಿ “ಇಲ್ಲಿ ಆಗೇದ, ಮುಂದ ನಡೀರಿ” ಎಂದು ಹೊರಟುಬಿಡುತ್ತಾರೆ. ನಾನೇ ಎಷ್ಟೋ ಸಲ ಹಾಗೆ ಹೋಗಿದ್ದೇನೆ. ಮಣ್ಣು ತುಂಬು ಅನ್ನುತ್ತೀ, ಕತ್ತರಿಸಿದ ಚೌಕ ಹಾಳಾಗಲಿ ಅಂತಲೇ?

ವಲಿಯ ಚಿಂತೆ ನಿನಗೆ ಬೇಡ. ಗ್ಯಾಂಗ್ ಬರುವವರೆಗೆ ನಾನೇ ಅವನ ಕೈ ಹಿಡಿದು ದಾಟಿಸುತ್ತೇನೆ. ಐದೂ ಹೊತ್ತು. ನಮಾಜಿನ ವೇಳೆ ನನಗೆ ಬಾಯಿಪಾಠವಾಗಿದೆ. ಮೊನ್ನೆ ಅವನ ಮಗಳು ಮೆಹನಾಜ್ ಸ್ಲೇಟಿನ ಮೇಲೆ ಬರೆದು ತೋರಿಸಿದಳು: “ಕಾಕಾ, ನೀವೂ ಮಸೀದಿ ಒಳಗೆ ಬಂದುಬಿಡ್ರಿ ಅಂತ ಅಬ್ಬಾ ಕರೀತಾರ.” ನಕ್ಕು ನಕ್ಕು ಸಾಕಾಯಿತು.

ಅಯ್ಯಪ್ಪ


ಸಣಕಿನಾಳ
27 ಜುಲೈ 2025

ಚಿ. ನೇತ್ರಾವತಿಗೆ ಆಶೀರ್ವಾದ.

ಒಂದು ಕೆಲಸ ಮಾಡಬೇಕು. ವಲಿ ರಾಯಚೂರಿನಲ್ಲಿ ಆಸ್ಪತ್ರೆಯಲ್ಲಿದ್ದಾನೆ. ಹೋದ ವಾರ ನಾವಿಬ್ಬರೂ ಕವಿತಾಳಕ್ಕೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆವು. ಎರಡೇ ದಿನ. ಬರುವಷ್ಟರಲ್ಲಿ ಅವನು ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದ. ಜೀಪಿಗೆ ಏರಿಸುವಾಗ ನನ್ನ ಅಂಗೈ ಹಿಡಿದು ಬಚ್ಚಲ ಕಲ್ಲು, ಸೋಪು ಎಲ್ಲ ಗೀಚಿ ತೋರಿಸಿದ. ಮುದುಕನಿಗೆ ಸೋಪಿನ ಶೋಕಿ.

ನಾನು ಇಷ್ಟು ದಿನ ಹೊರಗಿನ ಗುಂಡಿಗೆ ಹೆದರಿದೆ, ಅವನು ಮನೆಯೊಳಗೆ ಬಿದ್ದ. ಹೋಗಿ ನೋಡಿಕೊಂಡು ಬಾ. ಹೇಗಿದ್ದಾನೆ ಎಂದು ಇದ್ದದ್ದು ಇದ್ದಂತೆ ಬರೆ. ಇಲ್ಲಿ ಎಲ್ಲರೂ ನನ್ನ ಮುಖ ನೋಡಿ ಚೆನ್ನಾಗಿದ್ದಾನೆ ಎಂದು ತಲೆ ಅಲ್ಲಾಡಿಸುತ್ತಾರೆ.

ಗ್ಯಾಂಗ್ ಇನ್ನೂ ಬಂದಿಲ್ಲ.

ಅಯ್ಯಪ್ಪ


ರಾಯಚೂರು
3 ಆಗಸ್ಟ್ 2025

ದೊಡ್ಡಪ್ಪನಿಗೆ ನಮಸ್ಕಾರ.

ವಲಿ ಕಾಕಾನನ್ನು ಎರಡು ಸಲ ನೋಡಿ ಬಂದೆ. ಮಾತಾಡುತ್ತಾರೆ. ರೋಲರಿನ ಮೇಲೆ ಕೂತು ನಾನು ಅತ್ತದ್ದನ್ನು ನೆನಪಿಸಿ ನಕ್ಕರು. ಸಕ್ಕರೆ ಇಳಿದ ಮೇಲೆ ಆಪರೇಷನ್ ಎಂದಿದ್ದಾರೆ. “ಅಯ್ಯಪ್ಪಗ ಹೇಳು, ಬಚ್ಚಲಕ ಒರಟು ಕಲ್ಲು ಹಾಕಸ್ತೀನಂತ” ಅಂದರು. ಮೆಹನಾಜ್ ಜೊತೆಗಿದ್ದಾಳೆ. ನೀವು ಇಷ್ಟು ದೂರ ಬರಬೇಡಿ.

ನೇತ್ರಾ


ಸಣಕಿನಾಳ
25 ಆಗಸ್ಟ್ 2025

ಚಿ. ನೇತ್ರಾವತಿಗೆ.

ನಿನಗೆ ಸುದ್ದಿ ಮುಟ್ಟಿದೆ. ಹದಿನಾರಕ್ಕೆ ವಲಿ ಹೋದ. ಆಪರೇಷನ್ನಿಗೆ ಮೊದಲೇ ನಂಜು ಏರಿತಂತೆ. ನೀನು ಬರುತ್ತೀ ಎಂದು ದಾರಿ ನೋಡಿದೆ, ರಜೆ ಸಿಗಲಿಲ್ಲವೇನೋ.

ಹೆಗಲು ಕೊಟ್ಟೆ. ನಿನಗೆ ಇಷ್ಟು ವಯಸ್ಸಾಗಿದೆ, ನೀನು ಬಿಡು ಎಂದು ಕೈ ಮಾಡಿದರು, ಬಿಡಲಿಲ್ಲ. ಮನೆಯಿಂದ ಎತ್ತಿದ ಕೂಡಲೇ ಆ ಗುಂಡಿ. ಮಳೆ ನೀರು ತುಂಬಿ ರಸ್ತೆಯ ಸಮಕ್ಕೆ ನಿಂತಿತ್ತು. ಮುಂದಿದ್ದವರಿಗೆ ನಾನೇ ಕೂಗಿ ಹೇಳಿದೆ, “ಎಡಕ್ಕ ಹಿಡೀರಿ, ಎಡಕ್ಕ.” ಎಲ್ಲರೂ ನನ್ನ ಕಡೆ ಒಂದು ಥರ ನೋಡಿದರು. ಅಳುವವರೂ ಅಳು ನಿಲ್ಲಿಸಿ ನೋಡಿದರು. ಕಿವುಡ ಸಾವಿನಲ್ಲೂ ಅರಚುತ್ತಾನೆ ಅಂದುಕೊಂಡರೋ ಏನೋ.

ಅವನಿಲ್ಲದೆ ನನಗೆ ದಿನ ಹೋಗುವುದಿಲ್ಲ. ಐದೂ ಹೊತ್ತು ಕಾಲು ತಾನಾಗಿ ಅವನ ಮನೆಯ ಕಡೆ ಏಳುತ್ತದೆ. ಒಂದೇ ಸಮಾಧಾನ ಎಂದರೆ ನಾನು ಹೆದರಿದಂತೆ ಆಗಲಿಲ್ಲ. ಅವನು ಈ ಗುಂಡಿಯಲ್ಲಿ ಬೀಳಲಿಲ್ಲ. ನಾನು ಕತ್ತರಿಸಿಟ್ಟದ್ದರಲ್ಲಿ ಬಿದ್ದಿದ್ದರೆ ನಾನು ಹೇಗೆ ಬದುಕಿರುತ್ತಿದ್ದೆ ಹೇಳು. ಆ ಒಂದು ಉಪಕಾರ ದೇವರು ಮಾಡಿದ.

ಗ್ಯಾಂಗಿನವರಿಗೆ ಇನ್ನೊಮ್ಮೆ ನೆನಪಿಸು. ವಿಲೇ ಆದ ಕೆಲಸ ಇಷ್ಟು ತಡವಾಗಬಾರದು.

ಅಯ್ಯಪ್ಪ


ರಾಯಚೂರು
14 ಸೆಪ್ಟೆಂಬರ್ 2025

ದೊಡ್ಡಪ್ಪ,

ಈ ಕಾಗದವನ್ನು ಆರು ಸಲ ಬರೆದು ಹರಿದಿದ್ದೇನೆ. ನೀವು ದೇವರ ಉಪಕಾರ ಎಂದು ಬರೆದದ್ದನ್ನು ಓದಿದ ಮೇಲೆ ನನಗೆ ಅನ್ನ ಸೇರುತ್ತಿಲ್ಲ.

ವಿಲೇ ಎಂದರೆ ಮಂಜೂರು ಅಲ್ಲ ದೊಡ್ಡಪ್ಪ. ಅರ್ಜಿಯನ್ನು ಮುಚ್ಚಲಾಗಿದೆ ಎಂದಷ್ಟೇ ಅರ್ಥ. ನಿಮ್ಮ ಪಿಂಚಣಿಯಲ್ಲಿ ಕೆಲಸವಾದ ಮೇಲೆ ಮುಚ್ಚಿದರು. ಇದರಲ್ಲಿ ಕೆಲಸವಾಗದೆಯೇ ಮುಚ್ಚಿದೆವು. ಯಾವ ಗ್ಯಾಂಗೂ ಬರುವುದಿಲ್ಲ. ಯಾರಿಗೂ ಹೇಳಿಯೇ ಇಲ್ಲ.

ಅದನ್ನು ಟೈಪು ಮಾಡಿದವಳು ನಾನು. ಮೂವತ್ತು ದಿನ ದಾಟಿದ ಅರ್ಜಿ ಕಂಪ್ಯೂಟರಿನಲ್ಲಿ ಕೆಂಪಗಾಗುತ್ತದೆ. ಏಪ್ರಿಲ್ ಕೊನೆಗೆ ಮೀಟಿಂಗ್ ಇತ್ತು. “ಒಂದೂ ಕೆಂಪು ಕಾಣಬಾರ್ದು ನೋಡ್ರಿ” ಎಂದರು ಸಾಹೇಬರು. ಆ ಮಧ್ಯಾಹ್ನ ಇನ್ನೂರಕ್ಕೂ ಹೆಚ್ಚು ಅರ್ಜಿ ವಿಲೇ ಮಾಡಿದೆ, ಎಲ್ಲಕ್ಕೂ ಒಂದೇ ಸಾಲು. ನಿಮ್ಮದು ಬಂದಾಗ ಕೈ ನಿಂತಿತು. ನನ್ನದು ಹೊರಗುತ್ತಿಗೆ ಕೆಲಸ, ಅದೇ ತಿಂಗಳು ಮುಂದುವರಿಸಬೇಕಿತ್ತು. ಒತ್ತಿದೆ.

ಮೇ ತಿಂಗಳಲ್ಲಿ ನಿಮ್ಮ ಸಂತೋಷದ ಕಾಗದ ಬಂದಾಗಲೇ ನಿಮಗೆ ತಪ್ಪು ತಿಳಿದಿದೆ ಎಂದು ಗೊತ್ತಾಯಿತು. ಹೇಳಲಿಲ್ಲ. ನಾಚಿಕೆಯಾಯಿತು. ಕಲ್ಲು ಇಡಿ ಎಂದು ಬರೆದು ನನ್ನ ಪಾಲಿನ ಕೆಲಸ ಮುಗಿಯಿತು ಅಂದುಕೊಂಡೆ.

ವಲಿ ಕಾಕಾ ಬಚ್ಚಲಿನಲ್ಲಿ ಬಿದ್ದದ್ದಲ್ಲ. ನೀವು ಕವಿತಾಳಕ್ಕೆ ಹೋದಾಗ ಮಗಳನ್ನು ಕರೆಯದೆ ಒಬ್ಬರೇ ನಮಾಜಿಗೆ ಹೊರಟು ಆ ನೀರಿನಲ್ಲಿ ಕಾಲಿಟ್ಟರು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಹೇಳಿದರು: “ಅವ ಕಡದ ಚೌಕದಾಗ ಬಿದ್ದೆ ಅಂತ ಗೊತ್ತಾದ್ರ ಅಯ್ಯಪ್ಪ ಉಳಿಯಂಗಿಲ್ಲ ಬೇಟಿ. ಹೇಳಬ್ಯಾಡ.” ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಈಗ ಮುರಿಯುತ್ತಿದ್ದೇನೆ. ತಪ್ಪು ನಿಮ್ಮದಲ್ಲ, ನನ್ನದು ಎಂದು ನಿಮಗೆ ಗೊತ್ತಾಗಬೇಕು. ಸಾವಿಗೆ ಬರಲು ರಜೆ ಇತ್ತು, ಮುಖವಿರಲಿಲ್ಲ.

ನನ್ನನ್ನು ಏನು ಬೇಕಾದರೂ ಅನ್ನಿ. ಆದರೆ ಉತ್ತರ ಬರೆಯಿರಿ.

ನೇತ್ರಾವತಿ


ಸಣಕಿನಾಳ
8 ಅಕ್ಟೋಬರ್ 2025

ನೇತ್ರವ್ವಾ,

ನಾ ನಿನ್ನ ದೊಡ್ಡವ್ವ ಆದೆಮ್ಮ ಹೇಳಾಕತ್ತೀನಿ, ಮೆಹನಾಜ್ ಬರಿಯಾಕತ್ತಾಳ. ನಾ ಅಂದಂಗ ಬರಿ, ತಿದ್ದಬ್ಯಾಡ ಅಂತ ಹೇಳೀನಿ. ಫೋನಿನಾಗ ನಿನ್ನ ದನಿ ಕೇಳಿದ್ರ ನನಗ ಅಳು ಬರತದ, ಹೇಳೂದು ಹಂಗಾ ಉಳೀತದ.

ನಿನ್ನ ಕಾಗದ ಬಂದ ದಿನ ನಿನ್ನ ದೊಡ್ಡಪ್ಪ ಕಟ್ಟಿ ಮ್ಯಾಲ ಕುಂತು ಓದಿದ. ಮತ್ತ ಮೊದಲಿಂದ ಓದಿದ. ಏನ್ ಬರ್ದಾಳ ಅಂತ ಕೈ ಮಾಡಿ ಕೇಳಿದೆ. ಎದ್ದು ವಲಿ ಅಣ್ಣನ ಮನಿಗೆ ಹೋದ. ಇಕಿ ಮೆಹನಾಜ್ ಬಾಗಲಾ ತಗದಾಳ. “ನಿಮ್ಮಪ್ಪ ಎಲ್ಲಿ ಬಿದ್ದ, ತೋರಸು” ಅಂದ. ಇಕಿ ಕಣ್ಣು ಗುಂಡಿ ಕಡಿ ಹೋದವು. ಅವಗ ಅಷ್ಟಾ ಸಾಕಾತು. ನಿನ್ನ ಕಾಗದ ಆಮ್ಯಾಲ ಇಕೀನ ನನಗ ಓದಿ ಹೇಳ್ಯಾಳ.

ನಮ್ಮ ಓಣಿಯಾಗ ಹದಿನೆಂಟು ಮನಿ ಅದಾವ. ವಲಿ ಅಣ್ಣ ಎಲ್ಲಿ ಬಿದ್ದ ಅಂತ ಎಲ್ಲಾರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಜೀಪ್ ಹತ್ತೂ ಮುಂದ ವಲಿ ಅಣ್ಣ, ನಿನ್ನ ದೊಡ್ಡಪ್ಪಗ ಹೇಳಬ್ಯಾಡ್ರಿ ಅಂತ ಎಲ್ಲಾರ ಕಡಿಂದ ಮಾತು ತಗೊಂಡಿದ್ದ. ಜಗಳಾಡಿದವರೂ ಬಾಯಿ ಬಿಡಲಿಲ್ಲ. ಸಣ್ಣ ಹುಡುಗರೂ ಸನ್ನಿ ಮಾಡಲಿಲ್ಲ. ಕಿವಿ ಕೇಳದಾವನ ಕಡಿಂದ ಮಾತು ಮುಚ್ಚಿಡೂದು ಏನ್ ದೊಡ್ಡದಲ್ಲ, ಮಾರಿ ಮುಚ್ಚಿಡೂದು ಕಷ್ಟ. ಅದನ್ನೂ ಮಾಡಿದಿವಿ. ಅಪ್ಪನ ಕಳಕೊಂಡ ಈ ಹುಡುಗಿ ಅವನ ಮುಂದ ದಿನಾ ಬಚ್ಚಲಾ ಬೈಕೋಂತ ನಿಂತಾಳ.

ನೀ ಖರೇ ಬರ್ದಿ. ನಿನ್ನ ಎದಿ ಹಗುರಾಗಿರಬೇಕು. ಹೇಳೂ ಖರೇ ಒಂದಿತ್ತವ್ವ, ಅದನ್ನ ಕಾರಹುಣ್ಣಿವಿ ಮುಂದ, ಕಲ್ಲಿಡ್ರಿ ಅಂತ ಬರ್ದಾಗಾ ಹೇಳಬೇಕಿತ್ತು. ವಿಲೇ ಅಂದ್ರ ಮುಚ್ಚೀವಿ ಅಂತ, ಯಾರೂ ಬರಂಗಿಲ್ಲ ಅಂತ, ಒಂದು ಸಾಲು. ಅದೊಂದು ಸಾಲು ಬರ್ದಿದ್ರ ಅವ ಅವತ್ತಾ ಮಣ್ಣು ತುಂಬತಿದ್ದ. ಆಗ ಬರೀಲಿಲ್ಲ. ಈಗ ಬರೀಬಾರದ್ದು ಬರ್ದಿ.

ತಪ್ಪು ನಿಮ್ಮದಲ್ಲ ಅಂತ ಬರ್ದಿಯಂತ. ಅದನ್ನ ಅವ ಓದ್ಯಾನೋ ಇಲ್ಲೋ. ಈಗ ದಿನಾ ಟ್ಯಾಂಕಿನ ಕಡಿಂದ ಪುಟ್ಟಿಲೆ ಮಣ್ಣು ಹೊತ್ತು ತಂದು ತುಂಬತಾನ. ಟ್ಯಾಂಕರ್ ಬಂದು ಹೋಗತದ, ಕುಸೀತದ. ಮತ್ತ ತರ್ತಾನ. ಯಾರಾದ್ರೂ ಕೈ ಹಚ್ಚಾಕ ಹೋದ್ರ ಪುಟ್ಟಿ ಕಸಗೊಂತಾನ. ರೊಟ್ಟಿ ಇಟ್ರ ಅರ್ಧ ಉಂಡು ಏಳತಾನ. ರಾತ್ರಿ ಕೈ ಮುಟ್ಟಿದ್ರ ಬೆಂಕಿ ಆಗಿರತದ, ಗುಳಿಗಿ ಕೊಟ್ರ ಉಗಳತಾನ. ಇವ ಬಹಳ ದಿನ ಉಳಿಯಂಗಿಲ್ಲ, ನನಗ ಗೊತ್ತದ.

ಮೊನ್ನಿ ಪಂಚಾಯಿತಿಯಿಂದ ಒಬ್ಬ ಬಂದಿದ್ದ. ನಿನ್ನ ದೊಡ್ಡಪ್ಪ ಮಣ್ಣು ತುಂಬಿ ಕಾಲಿಲೆ ತುಳಿಯಾಕತ್ತಿದ್ದ, ಬಂದಾವ ಫೋಟೋ ಹೊಡಕೊಂಡು ಹೋದ. ಏನ್ ಬರಕೊಂಡ್ರಿ ಅಂತ ಮೆಹನಾಜ್ ಕೇಳ್ಯಾಳ. ಗುಂಡಿ ಮುಚ್ಚಲಾಗಿದೆ ಅಂತ ಬರಕೊಂಡೀನಿ ಅಂದನಂತ. ಅದು ನಿನ್ನ ಕಡೀನ ಬರಬಹುದು.

ನಿನ್ನ ಮ್ಯಾಲ ಸಿಟ್ಟಿಲ್ಲ ಅಂದ್ರ ಸುಳ್ಳಾಗತದ. ನಿನ್ನ ನಾ ಎತ್ತಿ ಆಡಿಸೀನಿ, ಅದೂ ಸುಳ್ಳಲ್ಲ. ದೀವಳಿಗಿಗೆ ವರ್ಷಾ ಕರೀತಿದ್ದೆ, ಈ ವರ್ಷ ಕರಿಯಂಗಿಲ್ಲ. ಅವಗ ಇನ್ನ ಕಾಗದ ಬರೀಬ್ಯಾಡ. ಬರ್ದ್ರೂ ಟಪಾಲಿನವನ ಕೈಯಾಗಿಂದ ನಾನಾ ಇಸಗೊಂಡು ಒಲಿಗೆ ಹಾಕತೀನಿ. ನನಗಂತೂ ಓದಾಕ ಬರಂಗಿಲ್ಲ.

ಆದೆಮ್ಮ